ಎರಡನೇ ಸೂಜಿ

ಭಾನುವಾರ, ಹದಿನೇಳನೇ ತಾರೀಕು, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ನಿನ್ನ ಸೋದರಮಾವನ ಅಕ್ಕರೆಯ ನೆನಪುಗಳು. ನಾನು ಫೋನ್ ಎತ್ತುತ್ತಿಲ್ಲವೆಂದು ಸಿಟ್ಟಾಗಿ ನೀನು ಬರೆದ ಎರಡು ಕಾಗದಗಳೂ ಬಂದಿವೆ. ಉತ್ತರ ತಡವಾಯಿತು. ಕೈಗೆ ಪೆಟ್ಟಾಗಿತ್ತು ಎಂದು ಬರೆಯಬಹುದಿತ್ತು, ಅಂಥ ಸುಳ್ಳಿಗೆ ನನ್ನಲ್ಲಿ ಬರವೇ? ಆದರೆ ಇವತ್ತು ಸುಳ್ಳು ಬರೆಯುವುದಿಲ್ಲವೆಂದು ಕೂತಿದ್ದೇನೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವನು, ತಪ್ಪಿದ್ದರೆ ತಿದ್ದಿಕೊಂಡು ಓದು. ಆ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿರಲಿಲ್ಲ, ಅದು ಬೇರೆ ಮಾತು.

ನಿನ್ನ ನರ್ಸ್ ತರಬೇತಿ ಹೇಗೆ ನಡೆದಿದೆ? ಆ ದೊಡ್ಡ ಸಿಸ್ಟರ್ ಇನ್ನೂ ಬೈಯುತ್ತಾರಾ? ಹೇಳು, ಬಂದು ಅವರ ರೂಮಿಗೆ ಹೊರಗಿನಿಂದ ಬೀಗ ಜಡಿದು ಹೋಗುತ್ತೇನೆ. ನನ್ನ ಬೀಗದ ಅಂಗಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಾಗೇ ಇದೆ. ಕಳೆದ ತಿಂಗಳು, ಮೂರು ಜನ ಕೈಬಿಟ್ಟ ಕಬ್ಬಿಣದ ಕಪಾಟನ್ನು ಒಂದು ಹೇರ್‌ಪಿನ್ನಿನಲ್ಲಿ ತೆಗೆದೆ. ನೋಡಿದವರು ಚಪ್ಪಾಳೆ ಹೊಡೆದರು. ಮೊದಲಾಗಿದ್ದರೆ ಇದನ್ನೇ ಎರಡು ಪುಟ ಬರೆಯುತ್ತಿದ್ದೆ. ಈಗ ಮನಸ್ಸಿಲ್ಲ.

ಬಟಾಣಿ ಕಳೆದುಹೋಗಿಲ್ಲ. ಸತ್ತುಹೋಯಿತು. ಈ ತಿಂಗಳ ಮೂರನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ, ಪ್ರಾಣಿಗಳ ಆಸ್ಪತ್ರೆಯ ಸ್ಟೀಲಿನ ಮೇಜಿನ ಮೇಲೆ. ನನ್ನ ಕಿರುಬೆರಳು ಅದರ ಬಾಯಲ್ಲಿತ್ತು. ಕಚ್ಚುವುದಕ್ಕೂ ಶಕ್ತಿ ಇರಲಿಲ್ಲ.

ಸ್ವಲ್ಪ ನೀರು ಕುಡಿದು ಮುಂದೆ ಓದು.

ನೀನು ಹೋಗುವಾಗ ನಾಯಿಮರಿಯನ್ನು ನನ್ನ ತೊಡೆಯ ಮೇಲೆ ಹಾಕಿ, ಗೋಡೆಗೆ ಒಂದು ಚೀಟಿ ಅಂಟಿಸಿ ಹೋದೆ. ಜಂತಿನ ಔಷಧಿ ಯಾವತ್ತು, ಲಸಿಕೆ ಯಾವತ್ತು, ಆಮೇಲೆ ‘ಇಪ್ಪತ್ತೊಂದನೇ ದಿನ ಬೂಸ್ಟರ್, ಮರೀಬೇಡ ಮಾವ’. ಜಂತಿನ ಔಷಧಿ ಕುಡಿಸಿದೆ, ಅರ್ಧ ಅದಕ್ಕೆ, ಅರ್ಧ ನನ್ನ ಅಂಗಿಗೆ. ಮೊದಲನೇ ಸೂಜಿಯನ್ನೂ ಹಾಕಿಸಿದೆ. ಬಟಾಣಿ ಕುಂಯ್ ಅನ್ನಲಿಲ್ಲ. ಕುಂಯ್ ಅಂದವನು ನಾನು. ಪಕ್ಕದಲ್ಲಿ ಬುಟ್ಟಿಯೊಳಗೆ ಬೆಕ್ಕು ಇಟ್ಟುಕೊಂಡು ಕೂತಿದ್ದ ಅಜ್ಜಿ ನಕ್ಕುಬಿಟ್ಟಿತು.

ಎರಡನೆಯದನ್ನು ನಾನು ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಮರೆಯಲಿಲ್ಲ. ಬೂಸ್ಟರ್ ಎಂದರೆ ಏನೆಂದು ನನಗೆ ಗೊತ್ತು ಅಂದುಕೊಂಡೆ. ಬಡಕಲು ಮಕ್ಕಳಿಗೆ ಹಾಲಿನಲ್ಲಿ ಕಲಸಿ ಕೊಡುವ ಪುಡಿ, ಸುಸ್ತಾದವರಿಗೆ ಚುಚ್ಚುವ ಶಕ್ತಿಯ ಇಂಜೆಕ್ಷನ್, ಇಂಥದ್ದೇ ಇದೂ ಎಂದು ತೀರ್ಮಾನ ಮಾಡಿದೆ. ನಮ್ಮ ಬಟಾಣಿಯೋ, ನನ್ನ ಚಪ್ಪಲಿ ಕಚ್ಚಿಕೊಂಡು ಎರಡು ಮಹಡಿ ಹತ್ತುವ ಪೈಲ್ವಾನ. ಇದಕ್ಕೇಕೆ ಬೂಸ್ಟರ್, ಎಳೆಯ ಮೈಗೆ ಸುಮ್ಮನೆ ಯಾಕೆ ನೋವು ಎಂದು ದಿನಕ್ಕೊಂದು ಮೊಟ್ಟೆ ಕೊಟ್ಟೆ. ಇಪ್ಪತ್ತೊಂದನೇ ದಿನ ಬಂತು, ಹೋಯಿತು.

ನಾನು ಅಷ್ಟಕ್ಕೇ ಸುಮ್ಮನಿರುವವನೇ? ನೀನು ಹೋದಮೇಲೆ ಮೇಲಿನ ಮಹಡಿಗೆ ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಬಂದಿದ್ದಾಳೆ. ಹಿಂದೆ ಮುಂದೆ ಯಾರೂ ಇಲ್ಲ. ಬಟಾಣಿಯ ವಾರಿಗೆಯದೇ ಒಂದು ಕಂದು ಮರಿ ಸಾಕಿದ್ದಳು. ಇಸ್ತ್ರಿ ಮಾಡುವಾಗ ಅದು ಅವಳ ಪಾದದ ಮೇಲೆ ಮಲಗಿರುತ್ತಿತ್ತು. ಒಂದು ದಿನ ಅಂಗಡಿಗೆ ಬಂದಳು.

“ಅಣ್ಣಾ, ನಾಳೆ ನನ್ ಮರಿಗೆ ಅದೇನೋ ಬೂಸ್ಟರ್ ಅಂತೆ. ನಿಮ್ದೂ ಇದ್ರೆ ಒಟ್ಟಿಗೆ ಹೋಗೋಣ್ವಾ?”

“ಬೂಸ್ಟರ್ ಅಂದ್ರೆ ಏನು, ಹೇಳು ನೋಡೋಣ?”

“ನಂಗೇನು ಗೊತ್ತು?”

“ಶಕ್ತಿ ಮದ್ದು ತಾಯಿ ಅದು. ನಿನ್ ಮರಿ ಹೊಟ್ಟೆ ನೋಡು, ತಬಲಾ ಆಗಿದೆ. ಇದಕ್ಕೆ ಇನ್ನೂ ಶಕ್ತಿ ತುಂಬಿಸಿದ್ರೆ ನಾಳೆ ನಿನ್ನನ್ನೇ ಹಗ್ಗ ಕಟ್ಟಿ ವಾಕಿಂಗ್ ಕರ್ಕೊಂಡು ಹೋಗುತ್ತೆ!”

ಅವಳು ಬಿದ್ದು ಬಿದ್ದು ನಕ್ಕಳು. “ನೀವಿಲ್ದಿದ್ರೆ ಇದನ್ನೆಲ್ಲ ನಂಗೆ ಯಾರು ಹೇಳ್ತಿದ್ರು?” ಎಂದಳು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಬಟಾಣಿ ಮೊಟ್ಟೆ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಂತಿ, ಆಮೇಲೆ ರಕ್ತ. ಬೀಗದವನಾಗಿ ನನ್ನ ಅಂಗಡಿಗೇ ಬೀಗ ಹಾಕದೆ, ಅದನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಲಸಿಕೆಯ ಕಾರ್ಡು ನೋಡಿ, “ಎರಡನೇ ಡೋಸ್ ಎಲ್ಲಿ?” ಎಂದು ಕೇಳಿದರು.

“ಗಟ್ಟಿಮುಟ್ಟಾಗಿತ್ತು ಮೇಡಂ, ಬೇಕಾಗ್ಲಿಲ್ಲ” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರಿಯ ಕಾಲಿಗೆ ಡ್ರಿಪ್ಪು ಹಾಕುತ್ತಲೇ ಮೆಲ್ಲಗೆ ಹೇಳಿದರು: “ತಾಯಿ ಹಾಲಿಂದ ಬಂದಿರೋ ರಕ್ಷಣೆ ಮೈಯಲ್ಲಿರುತ್ತಲ್ಲ, ಅದು ಕೆಲವು ಸಲ ಮೊದಲನೇ ಲಸಿಕೆ ಹಿಡಿಯೋಕೇ ಬಿಡಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕೋದು. ಶಕ್ತಿಗಲ್ಲ ಯಜಮಾನ್ರೇ.”

ಇಷ್ಟೇ ಮಾತು. ನಾನು ಕೇಳಿದ್ದರೆ ಮೊದಲನೇ ದಿನವೇ ಹೇಳಿರುತ್ತಿದ್ದರು. ಗೊತ್ತಿಲ್ಲ ಎಂದು ನಾನು ಯಾರ ಮುಂದೆ, ಯಾವತ್ತು ಬಾಯಿಬಿಟ್ಟಿದ್ದೇನೆ?

ಎರಡು ದಿನ ಡ್ರಿಪ್ಪು ಹಾಕಿದರು. ಮೂರನೇ ದಿನ, ನನ್ನ ಅಂಗಿಯಲ್ಲೇ ಸುತ್ತಿ ಕೊಟ್ಟರು. “ಅಕ್ಕಪಕ್ಕ ಮರಿಗಳಿದ್ರೆ ಇವತ್ತೇ ಹೇಳಿ. ಈ ಕಾಯಿಲೆ ಚಪ್ಪಲಿಗೆ ಅಂಟ್ಕೊಂಡೂ ಹೋಗುತ್ತೆ. ಲಸಿಕೆ ಬಾಕಿ ಇರೋರನ್ನ ತಕ್ಷಣ ಕಳಿಸಿ” ಎಂದರು. ಹೂಂ ಎಂದೆ.

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದೆ, ನಿನ್ನ ಫೋನು ಬಂತು. “ನನ್ ಬಟಾಣಿ ಏನ್ಮಾಡ್ತಿದೆ ಮಾವ?” ಎಂದೆ ನೀನು. ಅದು ನನ್ನ ಎಡಗೈಯಲ್ಲಿತ್ತು, ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. “ಗೇಟು ತೆಗೆದಿತ್ತು, ಎಲ್ಲೋ ಹೋಗ್ಬಿಟ್ಟಿದೆ, ಹುಡುಕ್ತಿದ್ದೀನಿ” ಎಂದುಬಿಟ್ಟೆ. ನೀನು ಅತ್ತೆ. ನಾಲ್ಕೇ ದಿನದಲ್ಲಿ ಅದರ ಫೋಟೋ ಹಾಕಿ ‘ಕಾಣೆಯಾಗಿದೆ’ ಎಂದು ಅಚ್ಚು ಹಾಕಿಸಿ ಐವತ್ತು ಕಾಗದ ಕಳಿಸಿದೆ.

ಸೇತುವೆಯ ಈಚೆ ಬೀದಿಗಳಲ್ಲೆಲ್ಲ ಅವನ್ನು ನಾನೇ ಅಂಟಿಸಿದೆ ಕಣೇ. ಒಂದೂ ಸೊಟ್ಟಗಾಗದಂತೆ. ಇಸ್ತ್ರಿಯವಳು ಕೆಲಸ ಬಿಟ್ಟು ಅಂಟಿನ ಬಕೆಟ್ಟು ಹಿಡಿದು ಜೊತೆಗೆ ಬಂದಳು. ಈಗ ದಿನಕ್ಕೊಬ್ಬರಾದರೂ ಅಂಗಡಿಗೆ ಬಂದು, ನಿಮ್ಮ ಮರಿಯನ್ನು ಅಲ್ಲಿ ಕಂಡೆವು, ಇಲ್ಲಿ ಕಂಡೆವು ಎನ್ನುತ್ತಾರೆ. ನಾನು ಕೀಲಿ ಉಜ್ಜುವ ಅರ ಕೆಳಗಿಟ್ಟು ಎದ್ದು ಹೋಗುತ್ತೇನೆ. ನಗಬೇಡ, ದಾರಿಯಲ್ಲಿ ಒಂದೊಂದು ಸಲ, ಸಿಕ್ಕರೂ ಸಿಕ್ಕೀತು ಅನ್ನಿಸಿಬಿಡುತ್ತದೆ.

ನೀನು ರಜೆಗೆ ಬಂದರೆ ಸಂತೋಷ, ಬಾರದಿದ್ದರೆ ಯಾಕೆಂದು ಕೇಳುವ ಮುಖ ನನಗಿಲ್ಲ. ಒಳ್ಳೆಯ ನರ್ಸ್ ಆಗು. ನನ್ನಂಥವನು ಎದುರಿಗೆ ಬಂದು ‘ನನಗೆಲ್ಲ ಗೊತ್ತು’ ಎಂದರೆ ನಂಬಬೇಡ, ಕೂರಿಸಿಕೊಂಡು ಇನ್ನೊಮ್ಮೆ ಬಿಡಿಸಿ ಹೇಳು. ನಿನ್ನ ಕೈಗುಣ ಚೆನ್ನಾಗಿರಲಿ, ನೀನು ಮುಟ್ಟಿದ ಜೀವವೆಲ್ಲ ಉಳಿಯಲಿ.

ನಿನ್ನ,
ಮಾವ

ತಾ.ಕ.: ಇಸ್ತ್ರಿಯವಳಿಗೆ ಹೇಳಿದೆಯಾ ಎಂದು ನೀನು ಕೇಳೇ ಕೇಳುತ್ತೀಯ. ಹೇಳಲಿಲ್ಲ. ಹೇಳಿದ್ದರೆ ಬಟಾಣಿ ಸತ್ತದ್ದು ಗೊತ್ತಾಗುತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಹತ್ತು ದಿನ ದೂಡಿದೆ. ಗುರುವಾರ ಅವಳೇ ಮರಿಯನ್ನು ಎತ್ತಿಕೊಂಡು ಬಂದಳು. “ಅಣ್ಣಾ, ನಿನ್ನೆಯಿಂದ ಏಳ್ತಾನೇ ಇಲ್ಲ. ಡಾಕ್ಟರ ಹತ್ರ ಹೋಗ್ಲಾ?” ಎಂದಳು. ಹೋದರೆ ಡಾಕ್ಟರಮ್ಮ ಬಟಾಣಿಯ ಸುದ್ದಿ ಎತ್ತಿಯಾರು, ನನಗೆ ಹೊಳೆದದ್ದು ಅದೊಂದೇ. “ಸೆಕೆಗೆ ಹಾಗಾಗುತ್ತೆ, ಎರಡು ದಿನ ನೋಡು” ಎಂದೆ. ಅವಳು ತಲೆಯಾಡಿಸಿ ಮೇಲೆ ಹೋದಳು. ನಿನ್ನೆ ಬೆಳಿಗ್ಗೆ ಅದೂ ಸತ್ತಿತು.

ಇವತ್ತು ಅಂಗಡಿ ತೆಗೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. “ನಂದಂತೂ ಹೋಯ್ತು ಅಣ್ಣಾ. ನಿಮ್ದಾದ್ರೂ ಸಿಗ್ಲಿ” ಎಂದು, ಉಳಿದ ಕಾಗದಗಳನ್ನೆಲ್ಲ ಇಸಿದುಕೊಂಡು, ಸೇತುವೆಯ ಆಚೆ ಬೀದಿಗಳಲ್ಲಿ ಅಂಟಿಸಲು ಹೋಗಿದ್ದಾಳೆ. ಇನ್ನೂ ವಾಪಸ್ ಬಂದಿಲ್ಲ.