ಕರಿಬಂಡೆಯ ನೇರಳೆ ಹುಳುವಿಗೆ ಒಂದು ಸಾಕ್ಷಿ

ಕರಿಬಂಡೆ ದಂಡೆ, ಕುಮಟಾ
ಫೆಬ್ರವರಿ 30, 2214

ಇನ್ನೂರು ವರ್ಷ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಎರಡು ದಿನ ಕೂಡಿಸಿದ್ದು ನಮ್ಮವರ ಬುದ್ಧಿವಂತಿಕೆ. ಕಾಗದ ಹಿಂದಕ್ಕೆ ಹೇಗೆ ಬಂತೆಂದೂ ಕೇಳಬೇಡಿ, ಅದು ಅಂಚೆಯವರಿಗೇ ಸರಿಯಾಗಿ ಗೊತ್ತಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಖುಷಿಯ ಭರದಲ್ಲಿ ಬರೆಯುತ್ತಿದ್ದೇನೆ. ಹುಳು ಸಿಕ್ಕಿತು!

ನಾನು ತುಳಸು ಹರಿಕಾಂತ, ಇಲ್ಲಿನ ಕಲ್ಲುಪಾಳಿಯವಳು. ಅಂದರೆ ಕಡಲು ಇಳಿದಾಗ ಬಂಡೆಯ ಹೊಂಡಗಳಲ್ಲಿ ಕಲ್ಲು ಎತ್ತಿ, ಅಡಿಯ ಜೀವಗಳನ್ನು ನೋಡಿ, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮಲಗಿಸುವ ಕೆಲಸ. ಈ ಹುಳು ಇಲ್ಲಿತ್ತೆಂದು ಅಜ್ಜಿಯರ ಬಾಯಲ್ಲಷ್ಟೇ ಕೇಳಿದ್ದೆವು. ಇಂದು ಬೆಳಿಗ್ಗೆ ಒಂದು ಕಲ್ಲಿನಡಿ ಕಂಡೇಬಿಟ್ಟೆ: ಚಿಪ್ಪಿಲ್ಲದ ಕಡಲ ಬಸವನಹುಳು, ಹೆಬ್ಬೆರಳಿನ ಉಗುರಿನಷ್ಟು. ನೇರಳೆ ಮೈ, ಅರಿಶಿನದ ಅಂಚು, ತಲೆಯ ಮೇಲೆ ಎರಡು ಕೇಸರಿ ಕೊಂಬು, ಬೆನ್ನ ಹಿಂಬದಿಯಲ್ಲಿ ಹೂವಿನಂತೆ ಅರಳಿದ ಕಿವಿರು. ಇಷ್ಟು ಸಿಂಗಾರ ಮಾಡಿಕೊಂಡು ಕಲ್ಲಿನಡಿ ಕೂರುವುದೇಕೋ! ನಾನು ಕುಣಿದೆ, ಕೂಗಿದೆ, ಊರನ್ನೇ ಕರೆದೆ. ಆ ಗಡಿಬಿಡಿಯಲ್ಲಿ ಕಲ್ಲು ಮುಚ್ಚುವುದನ್ನೇ ಮರೆತೆ. ಪಾಳಿಯ ಹಿರಿಯ ಜಟ್ಟಪ್ಪಜ್ಜ ನೀರಿನಲ್ಲಿ ಓಡಿಬಂದು, "ಏ ತುಳಸು, ಕಲ್ಲ್ ಮುಚ್ಚೇ! ಬಿಸ್ಲಿಗೆ ಅದ್ರ ಅನ್ನ ಒಣ್ಗಿ ಹೋಗ್ತದೆ" ಎಂದು ಬೈದರು. ಕಲ್ಲಿನಡಿ ಅಂಟಿದ ಸ್ಪಂಜೇ ಅದರ ಊಟ; ಅದು ಸತ್ತರೆ ಹುಳುವೂ ಹೋದಂತೆ. ನಾಚಿಕೆಯಾಗಿ ಮುಚ್ಚಿದೆ.

ಈಗ ಮುಖ್ಯ ವಿಷಯ. ಏರುವ ಕಡಲಿಗೆ ಕಟ್ಟುವ ತಡೆಗೋಡೆ ಈ ಬಂಡೆಯ ಮೇಲೆಯೇ ಬರಲಿದೆ. ಇದು ಹುಳುವಿನ ಹಳೆಯ ನೆಲೆಯೆಂದು ತೋರಿಸಿದರೆ ಮಾತ್ರ ಗೋಡೆ ಹಿಂದೆ ಸರಿಯುತ್ತದೆ. ಅದಕ್ಕೆ ಜೀವಂತ ಹುಳುವೊಂದು ಬೇಕು, ನಿಮ್ಮ ಕಾಲದ ಚಿತ್ರವೊಂದು ಬೇಕು. ಹುಳು ಸಿಕ್ಕಿದೆ. ಚಿತ್ರಕ್ಕಾಗಿ ಚಿತ್ರಕಣಜವನ್ನೆಲ್ಲ ಜಾಲಾಡಿದೆವು. ನಿಮ್ಮ ಮೊಬೈಲುಗಳ ಫೋಟೊಗಳನ್ನೆಲ್ಲ ತುಂಬಿಟ್ಟ ಜಾಗ ಅದು. ಕರಿಬಂಡೆಯವೇ ನಾಲ್ಕು ಸಾವಿರ ಫೋಟೊ ಸಿಕ್ಕವು. ಎಲ್ಲದರಲ್ಲೂ ನಿಮ್ಮದೇ ಮುಖ! ಮುಳುಗುವ ಸೂರ್ಯನನ್ನು ಬೆರಳಲ್ಲಿ ಹಿಡಿದವರೆಷ್ಟು, ಬಂಡೆಯಿಂದ ಬಂಡೆಗೆ ಹಾರಿದವರೆಷ್ಟು. ಕಾಲಬುಡ ನೋಡಿದವರು ಒಬ್ಬರೂ ಇಲ್ಲ ಮಾರಾಯರೇ!

ನಿಮ್ಮನ್ನು ಬೈಯುತ್ತ ಕೂರಲು ಹೊತ್ತಿಲ್ಲ, ಗೋಡೆಯವರು ನಾಡಿದ್ದೇ ಬರುತ್ತಾರೆ. ದಯವಿಟ್ಟು ಯಾರಾದರೂ ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಕರಿಬಂಡೆಗೆ ಹೋಗಿ. ಕ್ಯಾಮೆರಾ ಕೆಳಗೆ ಬಗ್ಗಿಸಿ. ಹುಳು ಕಂಡರೆ ಫೋಟೊ ತೆಗೆದು, ಊರು ತಾರೀಖು ಬರೆದಿಡಿ. ಎತ್ತಿದ ಕಲ್ಲನ್ನು ಹಾಗೆಯೇ ಮುಚ್ಚಿ. ನಿಮಗದು ಐದು ನಿಮಿಷದ ಕೆಲಸ. ನೀವು ತೆಗೆದಿದ್ದರೆ ನಾಳೆ ಬೆಳಿಗ್ಗೆ ಅದು ನಮ್ಮ ಕಣಜದಲ್ಲಿರುತ್ತದೆ. ಎದ್ದ ಕೂಡಲೇ ಹುಡುಕುತ್ತೇನೆ.

ತುಳಸು