ಒಂದೇ ಮಗ್ಗುಲಿನ ಹಡಗು

ಭಾನುವಾರ, 9 ಜೂನ್

ನಮ್ಮ ಮೈದುನ ಮೊಳೆಗೆ, ಅತ್ತಿಗೆ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ ಅಂತ ಬರೆದು ಆಮೇಲೆ ವಿಷಯಕ್ಕೆ ಬರೋದು ಪದ್ಧತಿ. ಹಾಗೆ ಬರೆದರೆ ಮೊದಲನೇ ಸಾಲೇ ಸುಳ್ಳಾಗುತ್ತೆ, ಅದಕ್ಕೇ ಬಿಟ್ಟಿದ್ದೀನಿ. ನೀವು ಮೂವರು ಚೆನ್ನಾಗಿರಿ, ಅಷ್ಟು ಸಾಕು.

ತಡ ಮಾಡಿದ್ದು ನನ್ನದೇ ತಪ್ಪು. ನಿನ್ನ ಹೆಂಡತಿ ಪಾಪ ಎರಡು ಸಲ ಫೋನ್ ಮಾಡಿದಳು, ಮಗಳಿಗೆ ಮುಂದಿನ ಹಲ್ಲು ಬಿದ್ದ ಫೋಟೋ ಕಳಿಸಿದಳು. ಒಂದಕ್ಕೂ ಉತ್ತರ ಕೊಡಲಿಲ್ಲ. ನಿನಗೆ ಬರೆಯೋಣ ಅಂತ ಪೆನ್ನು ಹಿಡಿದಾಗಲೆಲ್ಲ ಬರೀ ಬೈಗುಳ ಬರ್ತಿತ್ತು. ಬೈಗುಳಕ್ಕೆ ಅಂಚೆಚೀಟಿ ದಂಡ ಯಾಕೆ ಅಂತ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಲ್ಲಿ ನೀನು 'ಹಾಂ, ಹೂಂ, ಆಮೇಲೆ ಮಾತಾಡ್ತೀನಿ ಅತ್ತಿಗೆ' ಅಂತ ಜಾರಿಕೊಳ್ತೀಯ. ಕಾಗದಕ್ಕೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ. ಕೂತು ಓದು.

ವಿಷಯ ಇಷ್ಟು. ನೀವಿಬ್ಬರೂ ಸೇರಿ ಕಟ್ತಿದ್ದ ಮಾದರಿ ಹಡಗು ಸೊಟ್ಟಗಾಗ್ತಿದೆ. ನೀನು ಬೇಗ ಬರದೆ ಹೋದರೆ ನಿಮ್ಮಣ್ಣ ಅದನ್ನ ಒಡೆದು ಹಾಕ್ತಾರೆ. ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಆಡಿದ ಮಾತನ್ನ ಮಾಡದೇ ಬಿಟ್ಟಿದ್ದು ಅವರ ಜಾತಕದಲ್ಲೇ ಇಲ್ಲ, ಬಚ್ಚಲಮನೆ ನಲ್ಲಿ ರಿಪೇರಿ ಒಂದು ಬಿಟ್ಟು.

ನಿನ್ನ ಹೆಂಡತಿಯೂ ಈ ಕಾಗದ ಓದಲಿ. ಅವಳಿಗೆ ಅರ್ಥ ಆಗೋ ಹಾಗೆ ಬಿಡಿಸಿ ಹೇಳ್ತೀನಿ. ನೋಡಮ್ಮ, ಹಡಗಿನ ತಳಕ್ಕೆ ಒಂದು ಉದ್ದನೆಯ ಮರ ಇರುತ್ತೆ, ಅದು ಬೆನ್ನೆಲುಬು. ಅದರ ಮೇಲೆ ಸಾಲಾಗಿ ಪಕ್ಕೆಲುಬು. ಈ ಅಣ್ಣತಮ್ಮಂದಿರು ತೆಳ್ಳನೆ ಮರದ ಪಟ್ಟಿಗಳನ್ನ ನೀರಲ್ಲಿ ನೆನೆಸಿ, ಬಿಸಿ ಕಬ್ಬಿಣಕ್ಕೆ ಒತ್ತಿ ಬಗ್ಗಿಸಿ, ಗೋಂದು ಹಚ್ಚಿ ಆ ಪಕ್ಕೆಲುಬಿನ ಮೇಲೆ ಕೂರಿಸ್ತಾರೆ. ಒಣಗೋ ತನಕ ಹಿಡಿದುಕೊಳ್ಳೋಕೆ ನನ್ನ ಬಟ್ಟೆ ಒಣಹಾಕೋ ಕ್ಲಿಪ್ಪೇ ಆಗಬೇಕು. ನಮ್ಮನೆ ಬಟ್ಟೆಯೆಲ್ಲ ಗಾಳಿಗೆ ಹಾರಿ ಪಕ್ಕದ ಮನೆ ಸೇರಿದ್ದು ಈ ಹಡಗುಗಳ ದೆಸೆಯಿಂದ. ಇರಲಿ. ಮುಖ್ಯ ಏನಂದ್ರೆ, ಎಡಕ್ಕೊಂದು ಪಟ್ಟಿ ಕೂರಿಸಿದರೆ ಅದೇ ದಿನ ಅದರ ಜೋಡಿಯನ್ನ ಬಲಕ್ಕೂ ಕೂರಿಸಬೇಕು. ಇಲ್ಲದಿದ್ರೆ ಗೋಂದು ಒಣಗ್ತಾ ಒಣಗ್ತಾ ಒಂದೇ ಕಡೆ ಎಳೆದು, ಬೆನ್ನೆಲುಬೇ ತಿರುಚಿಕೊಳ್ಳುತ್ತೆ.

ನಮ್ಮನೇಲಿ ಎಡಮಗ್ಗುಲು ಅಣ್ಣನದು, ಬಲಮಗ್ಗುಲು ತಮ್ಮನದು. ಆ ಪಾಲು ಮಾಡಿದವಳು ನಾನೇ. ನಾನು ಮದುವೆಯಾಗಿ ಬಂದಾಗ ನೀನು ಮೂಗು ಸೋರಿಸಿಕೊಂಡು ಓಡಾಡೋ ಪೋರ, ಮೊಳೆಯಷ್ಟಿದ್ದೆ ಅಂತಲೇ ಆ ಹೆಸರಿಟ್ಟೆ, ಹೆತ್ತವರು ಆಗಲೇ ಹೋಗಿದ್ರು. ಮೊದಲನೇ ಪುಟ್ಟ ದೋಣಿಗೇ ಇಬ್ಬರೂ ಕಿತ್ತಾಡಿಕೊಂಡಿರಿ. ತಲೆಕೆಟ್ಟು ಸೀಮೆಸುಣ್ಣದಲ್ಲಿ ಮೇಜಿನ ಮಧ್ಯೆ ಗೆರೆ ಎಳೆದು, 'ಇನ್ನೊಬ್ಬನ ಮಗ್ಗುಲು ಮುಟ್ಟಿದವನಿಗೆ ಇವತ್ತು ಊಟ ಇಲ್ಲ' ಅಂದೆ. ಅವತ್ತಿನ ಊಟಕ್ಕೆ ಹೇಳಿದ ಮಾತು. ಇಬ್ಬರ ತಲೆ ನರೆತರೂ ಅದನ್ನೇ ಪಾಲಿಸ್ತಾ ಬಂದಿದ್ದೀರಿ. ನಾನು ಹೇಳಿದ ಬೇರೆ ಒಂದು ಮಾತನ್ನಾದರೂ ಇಷ್ಟು ಚೆನ್ನಾಗಿ ಕೇಳಿದ್ರೆ ಈ ಮನೆ ಎಲ್ಲೋ ಇರ್ತಿತ್ತು.

ಜಗಳ ಆದ ದಿನ ಏನಾಯ್ತು ಅಂತ ನಿನಗೇ ಗೊತ್ತು. ಊಟದ ಮೇಜಿನಲ್ಲಿ ನೀನು, 'ಬಂದರಿನ ವಸ್ತುಸಂಗ್ರಹಾಲಯದವರು ಕೇಳ್ತಿದ್ದಾರೆ, ಈ ಯುದ್ಧನೌಕೆ ಮುಗಿದ ಮೇಲೆ ಅವರಿಗೆ ಕೊಟ್ಟುಬಿಡೋಣ' ಅಂದೆ. ನಿಮ್ಮಣ್ಣ 'ಮನೆಯ ಹಡಗು ಮನೇಲೇ ಇರಲಿ' ಅಂದ್ರು. ಮಾತಿಗೆ ಮಾತು ಬೆಳೀತು. 'ಎದ್ದು ಹೊರಗೆ ಹೋಗು' ಅಂದ್ರು. ನೀನು ಕೈ ಕೂಡ ತೊಳೀದೆ ಹೋದೆ. ಸಾಮಾನ್ಯವಾಗಿ ನಿಮ್ಮಿಬ್ಬರ ಜಗಳ ಮುಂದಿನ ಭಾನುವಾರದ ಹೊತ್ತಿಗೆ ತಣ್ಣಗಾಗುತ್ತೆ. ಈ ಸಲ ಆಗಲಿಲ್ಲ.

ಮಾರನೇ ದಿನ ಬೆಳಗ್ಗೆ ಅವರು ಹಿತ್ತಲ ಕೋಣೆಗೆ ಹೋಗಿ ಏನೂ ಆಗದವರ ಹಾಗೆ ಎಡಮಗ್ಗುಲಿಗೆ ಪಟ್ಟಿ ಕೂರಿಸೋಕೆ ಶುರು ಮಾಡಿದ್ರು. ಪ್ರತಿ ಸಲವೂ ಎರಡೆರಡು ಪಟ್ಟಿ ಕತ್ತರಿಸೋರು. ಒಂದನ್ನ ತಾವು ಹಚ್ಚಿ, ಇನ್ನೊಂದನ್ನ ನಿನ್ನ ಸ್ಟೂಲಿನ ಮೇಲೆ ಇಡೋರು. 'ಅವನು ಬಂದಾಗ ಕತ್ತರಿಸೋ ಕೆಲಸ ಉಳಿಯುತ್ತೆ' ಅಂತಿದ್ರು. ನೀನು ಬರ್ತೀಯ ಅನ್ನೋದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನನಗೆ ಇತ್ತು. ಸ್ಟೂಲಿನ ಮೇಲಿನ ರಾಶಿ ಬೆಳೀತಾ ಹೋಯ್ತು.

ಒಂದು ದಿನ ಕೋಣೆ ಗುಡಿಸ್ತಾ ಹಿಂದಿನಿಂದ ಹಡಗು ನೋಡಿದೆ. ನನ್ನ ಕಣ್ಣೇ ಸರಿ ಇಲ್ವೇನೋ ಅಂದುಕೊಂಡೆ. ಅದರ ಮೂತಿ ಕಿಟಕಿ ಕಡೆ ಹೊರಳಿತ್ತು. 'ರೀ, ಇದು ಯಾಕೆ ಹೀಗೆ ನೋಡ್ತಿದೆ' ಅಂದೆ. ಅವರು ಒಂದು ನೂಲು ತಗೊಂಡು ಹಿಂದಿನಿಂದ ಮುಂದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ರು. ನಡುವೆ ನೂಲಿಗೂ ಮರಕ್ಕೂ ಬೆರಳು ತೂರುವಷ್ಟು ಅಂತರ. ಅಸಲಿನ ನಾಲ್ಕು ಅಡಿ ಇಲ್ಲಿ ಒಂದಂಗುಲ ಅಲ್ವಾ, ನಿಜವಾದ ಹಡಗಾಗಿದ್ರೆ ಅದರಲ್ಲಿ ಆಳು ನಡೆದು ಹೋಗಬಹುದಿತ್ತು.

'ನನಗೆ ಗೊತ್ತಿತ್ತು' ಅಂದ್ರು.

'ಗೊತ್ತಿದ್ದೂ ಯಾಕ್ರೀ ಹಚ್ಚಿದ್ರಿ?'

'ನಿಲ್ಲಿಸಿದ್ರೆ ಅವನು ಬರೋದಿಲ್ಲ ಅಂತ ಒಪ್ಪಿಕೊಂಡ ಹಾಗೆ ಆಗ್ತಿತ್ತಲ್ಲ ಕಣೇ.'

ಐವತ್ತು ವರ್ಷ ಮರದ ಜೊತೆ ಬದುಕಿದ ಮನುಷ್ಯ. ಊರಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಟ್ಟವರು. ಇದು ತಪ್ಪು ಅಂತ ನನಗಿಂತ, ನಿನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದಿನಾ ಹೋಗಿ ಅದೇ ತಪ್ಪು ಮಾಡಿದ್ದಾರೆ. ನನಗೆ ಭಯ ಆಯ್ತು ಕಣೋ.

ಆಮೇಲೆ ನಾನೂ ಒಂದು ಹುಚ್ಚು ಕೆಲಸ ಮಾಡಿದೆ. ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಸ್ಟೂಲಿನಿಂದ ನಿನ್ನ ಎರಡು ಪಟ್ಟಿ ತೆಗೆದು, ನೆನೆಸಿ, ಕಬ್ಬಿಣ ಕಾಯಿಸಿ ಬಗ್ಗಿಸೋಕೆ ಹೋದೆ. ಇಷ್ಟು ವರ್ಷ ನೋಡಿದ್ದೀನಲ್ಲ, ಅದೇನು ಮಹಾ ಅಂತ. ಹೆಬ್ಬೆರಳು ಸುಟ್ಟುಕೊಂಡೆ, ಒಂದು ಪಟ್ಟಿ ಪಟಕ್ಕನೆ ಮುರೀತು, ಇನ್ನೊಂದನ್ನ ಹೇಗೋ ಬಲಕ್ಕೆ ಅಂಟಿಸಿ ಕ್ಲಿಪ್ ಹಾಕಿದೆ. ಅವರು ಊದಿದ ಕೆನ್ನೆ ಹಿಡಿದುಕೊಂಡು ಬಂದು ನೋಡಿದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಗೋಂದು ಮೆತ್ತಗೆ ಮಾಡಿ, ಗಾಯದ ಪಟ್ಟಿ ಬಿಚ್ಚೋ ಹಾಗೆ ಅದನ್ನ ಬಿಡಿಸಿ ಮತ್ತೆ ನಿನ್ನ ಸ್ಟೂಲಿನ ಮೇಲೆ ಇಟ್ರು. 'ಅದು ಅವನ ಮಗ್ಗುಲು. ನೀನೇ ಹೇಳಿದ್ದು' ಅಂದ್ರು. ಆಮೇಲೆ ನನ್ನ ಹೆಬ್ಬೆರಳಿಗೆ ಮುಲಾಮು ಹಚ್ಚಿದ್ರು. ನನಗೆ ಸಿಟ್ಟೂ ಬಂತು, ಅಳೂನೂ ಬಂತು. ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅವತ್ತಿನಿಂದ ಅವರು ಕೋಣೆಗೆ ಹೋಗೋದನ್ನ ನಿಲ್ಲಿಸಿದ್ದಾರೆ. ಹಡಗಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದಾರೆ. ಗಡ್ಡ ಬಿಟ್ಟಿದ್ದಾರೆ, ನಿಂತುಕೊಂಡೇ ಎರಡು ತುತ್ತು ತಿಂತಾರೆ. ಅಂಗಡಿಯಲ್ಲಿ ಡಾಕ್ಟರಮ್ಮನ ಕಪಾಟಿಗೆ ಅಳತೆ ತಪ್ಪಿ ಬಾಗಿಲು ಮಾಡಿದ್ರಂತೆ, ಕೆಲಸದವನು ನನ್ನ ಹತ್ತಿರ ಬಂದು ಗುಟ್ಟಾಗಿ ಹೇಳಿದ. ಏನು ಕೇಳಿದ್ರೂ 'ಹೂಂ'. ನಿನ್ನ ಹೆಸರು ಎತ್ತಿದ್ರೆ ಎದ್ದು ಅಂಗಡಿಗೆ ಹೋಗ್ತಾರೆ.

ಮೊನ್ನೆ ತಾವಾಗೇ ಹೇಳಿದ್ರು. ಈಗ ಮಳೆಗಾಲ, ಗಾಳಿಯಲ್ಲಿ ತೇವ ಇದೆ. ಮರಕ್ಕೆ ನೀರು ಕುಡಿಸಿ, ಸಮನಾದ ಹಲಗೆಗೆ ಬಿಗಿದು ಕಟ್ಟಿ, ಬಲದ ಪಟ್ಟಿಗಳನ್ನ ಕೂರಿಸ್ತಾ ಬಂದ್ರೆ ಅವು ಎಳೆದು ಬೆನ್ನೆಲುಬು ದಾರಿಗೆ ಬರುತ್ತಂತೆ. ಮಳೆ ನಿಂತು ಬಿಸಿಲು ಬಂದು ಗೋಂದು ಕಲ್ಲಾದ ಮೇಲೆ ಯಾರು ಬಂದ್ರೂ ಆಗಲ್ಲವಂತೆ. 'ಆಮೇಲೆ ಅದನ್ನ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ. ಒಡೆದು ಒಲೆಗೆ ಹಾಕ್ತೀನಿ' ಅಂದ್ರು. ಹಾಯಿ ಕಟ್ಟೋ ಕೂವೆಮರಗಳನ್ನೂ ಆ ಸಣ್ಣ ಸಣ್ಣ ಫಿರಂಗಿಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ನಿನಗೆ ತಲುಪಿಸಬೇಕಂತೆ. ಫಿರಂಗಿ ಕಡೆದವನು ನೀನು ಅಂತ.

'ಅಣ್ಣ ಕರೆದ್ರೆ ಬರ್ತೀನಿ' ಅಂತೀಯಂತೆ, ನಿನ್ನ ಹೆಂಡತಿ ಹೇಳಿದಳು. ನೀನು ಕರೆಯ ಕಾಯ್ತೀಯ, ಅವರು ನಿನ್ನ ಕಾಯ್ತಾರೆ. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಕೂತಿದ್ದೀರಿ. ಅಣ್ಣ ಕರೆಯೋದಿಲ್ಲ, ನಾನು ಬರೆದು ಕೊಡ್ತೀನಿ. ಆದ್ರೆ ಬಾಗಿಲಲ್ಲಿ ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ಮೊದಲು ಎದ್ದು ಆ ಬೆಡ್‌ಶೀಟ್ ತೆಗೀತಾರೆ. ಹಡಗು ವಸ್ತುಸಂಗ್ರಹಾಲಯಕ್ಕೆ ಹೋಗುತ್ತೋ, ಮನೇಲಿರುತ್ತೋ, ಅದು ಆಮೇಲಿನ ಮಾತು. ಮೊದಲು ನೆಟ್ಟಗಾಗಲಿ. ರಜಾ ಹಾಕಿ ಬಾ. ಎರಡು ಬಸ್ಸಿನ ದಾರಿ, ಏಳು ಸಮುದ್ರದಾಚೆ ಏನಲ್ಲ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಅವಳ ಬೆನ್ನುನೋವಿಗೆ ಬಿಸಿನೀರಿನ ಚೀಲ ಇಡೋಕೆ ಹೇಳು, ಭಾರ ನೀನು ಎತ್ತು. ಮಗಳಿಗೆ ಹೊಸ ಹಲ್ಲು ಸಾಲಾಗಿ ಬರಲಿ, ನಿನ್ನ ಹಾಗೆ ಒಂದರ ಮೇಲೊಂದು ಹತ್ತದೇ ಇರಲಿ. ನಿನ್ನ ಕೈಗೆ ಶಕ್ತಿ ಬರಲಿ, ಮನೆ ತುಂಬಿರಲಿ, ನಿನಗೆ ಸ್ವಲ್ಪ ಬುದ್ಧಿ ಬರಲಿ. ನೂರು ಕಾಲ ಬಾಳು.

ಇಂತಿ,
ನಿನ್ನ ಅತ್ತಿಗೆ

ಮರೆತಿದ್ದು: ಮರೆತಿದ್ದೇನಲ್ಲ, ಇಷ್ಟು ಹೊತ್ತು ಬರೀಬಾರದು ಅಂತಲೇ ಇದ್ದೆ. ಈ ಬೇರೆ ಚೀಟಿ ನಿನಗೊಬ್ಬನಿಗೆ. ವಸ್ತುಸಂಗ್ರಹಾಲಯದ ವಿಷಯಕ್ಕೇ ಜಗಳ ಆಯ್ತು ಅಂತ ನಿಮ್ಮಣ್ಣ ನನಗೆ ಇವತ್ತಿಗೂ ಹೇಳ್ತಾರೆ. ನಾನೂ ನಂಬಿದವಳ ಹಾಗೆ ಇದ್ದೀನಿ. ಆದ್ರೆ ಅವತ್ತು ನಾನು ನೀರಿನ ಜಗ್ಗು ಹಿಡಿದುಕೊಂಡು ನಿನ್ನ ಬೆನ್ನ ಹಿಂದೆ ಬಾಗಿಲಲ್ಲೇ ಇದ್ದೆ. 'ಮಕ್ಕಳಿಲ್ಲದ ಮನೇಲಿ ಇದನ್ನ ಯಾರಿಗೋಸ್ಕರ ಇಟ್ಕೋತೀಯಣ್ಣ? ನಿಮ್ಮಿಬ್ಬರ ನಂತರ ಧೂಳು ಒರೆಸೋಕೂ ಗತಿಯಿಲ್ಲ' ಅಂದೆ ನೀನು. ಅದಕ್ಕೇ ಅವರು ನಿನ್ನನ್ನ ಹೊರಗೆ ಹೋಗು ಅಂದಿದ್ದು. ನನ್ನ ಕಿವಿಗೆ ಬೀಳಲಿಲ್ಲ ಅಂದುಕೊಂಡು ನುಂಗಿಕೊಂಡಿದ್ದಾರೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಜಗಳದ ಬಾಯಲ್ಲಿ ಬಂತು, ನಿನ್ನ ಮನಸ್ಸಿನಲ್ಲಿ ಇರಲಿಲ್ಲ ಅಂತ ನನಗೆ ನಾನೇ ದಿನಾ ಹೇಳಿಕೊಳ್ತೀನಿ. ಆದ್ರೂ ನೋವಾಗುತ್ತೆ ಕಣೋ. ಇಷ್ಟು ವರ್ಷ ಬಸ್ಸಿನಲ್ಲೋ, ಆಸ್ಪತ್ರೆ ಸಾಲಿನಲ್ಲೋ ಯಾರಾದ್ರೂ 'ಮಕ್ಕಳೆಷ್ಟಮ್ಮ' ಅಂತ ಕೇಳಿದ್ರೆ ನಾನು ಯೋಚನೆ ಕೂಡ ಮಾಡದೆ 'ಒಬ್ಬ' ಅಂತಿದ್ದೆ. ಮೊನ್ನೆ ನಿಮ್ಮಣ್ಣನ ಜೊತೆ ನಾನೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಒಬ್ಬಳು ಕೇಳಿದಳು. ಕೇಳಿಸದವಳ ಹಾಗೆ ಚೀಲದಲ್ಲಿ ಡಾಕ್ಟರ ಚೀಟಿ ಹುಡುಕೋಕೆ ಶುರು ಮಾಡಿದೆ. ಏನು ಹೇಳಬೇಕು ಅಂತ ನೀನೇ ಬಂದು ಹೇಳು.