ಮೂಕಬಸವನ ಗಡಿ

ಬ್ರಹ್ಮಪುರ, ಕಲಬುರಗಿ
೧೨ ನವೆಂಬರ್ ೨೦೨೫, ಬುಧವಾರ

ಚಿ. ಸೌ. ಶೀಲಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ನಿಮ್ಮವ್ವ, ನಿನ್ನ ತಮ್ಮ ವಿವೇಕ, ನಾನು ಮೂವರೂ ಚೆನ್ನಾಗಿದ್ದೇವೆ. ಅಲ್ಲಿ ಕಮಲಾಪುರದಲ್ಲಿ ನೀನು, ಅಳಿಯಂದಿರು, ಕೂಸು, ಬೀಗರು ಎಲ್ಲರೂ ಆರಾಮಾಗಿದ್ದೀರಿ ಎಂಬುದು ನಿಮ್ಮವ್ವ ಹೇಳಿಯೇ ನನಗೆ ಗೊತ್ತು. ಪತ್ರ ಬರೆಯುವುದು ತಡವಾಯಿತು. ಒಂದೆರಡು ವಾರ ತಡವಾದರೆ ಕ್ಷಮೆ ಕೇಳುವುದಕ್ಕೆ ಮುಖ ಇರುತ್ತದೆ. ಮೂರೂವರೆ ವರ್ಷ ತಡ ಮಾಡಿದವನು ಯಾವ ಮುಖ ಹೊತ್ತು ಕೇಳಬೇಕು? ಫೋನ್ ಮಾಡಬಹುದಿತ್ತು. ನೀನು ಎತ್ತದೇ ಹೋದರೆ ಎಂದು ಹೆದರಿಕೆಯಾಯಿತು. ಕಾಗದವಾದರೆ ಹರಿದು ಹಾಕುವ ಮೊದಲು ಎರಡು ಸಾಲಾದರೂ ಓದುತ್ತೀ.

ನಿಮ್ಮವ್ವ ತಿಂಗಳಿಗೊಮ್ಮೆ ನಿನ್ನ ಮನೆಗೆ ಬಂದು ಹೋಗುತ್ತಾಳೆ. ನನಗೆ ಮಾತ್ರ "ತವರಮನಿ ಕಡೆ ಹೋಗಿದ್ದೆ" ಎನ್ನುತ್ತಾಳೆ. ಅವಳ ತವರಿನಲ್ಲಿ ನಿಮ್ಮ ಕಮಲಾಪುರದ ಕೆಂಪು ಬಾಳೆ ಬೆಳೆಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಚೀಲದಿಂದ ಹಣ್ಣು ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾಳೆ. ನಾನು ತಿನ್ನುತ್ತೇನೆ. ಇಬ್ಬರೂ ಆ ವಿಷಯ ಎತ್ತುವುದಿಲ್ಲ. ಸರ್ವೇ ಕೆಲಸದಲ್ಲಿ ನನಗೆ ಅಳತೆಯ ಸರಪಳಿ ಹಿಡಿಯುತ್ತಿದ್ದ ಹಳೆಯ ಚೈನ್‌ಮನ್ ನಬಿಸಾಬ್ ಈಗಲೂ ಗಾಜಿಪುರದಿಂದ ಬೆಳಿಗ್ಗೆ ಬರುತ್ತಾನೆ, ಇಬ್ಬರೂ ಅಪ್ಪನ ಕೆರೆಯ ಸುತ್ತ ನಡೆಯುತ್ತೇವೆ. ಅವನಿಗೆ ಮೊಣಕಾಲು ನೋವು, ನನಗೆ ಬಾಯಿ ನೋವು, ಅವನು ಅಷ್ಟು ಮಾತಾಡಿಸುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸೋಮವಾರ ನೀನು ಒಬ್ಬನಿಗೆ ಒಂದು ಪ್ರಶ್ನೆ ಕೇಳಿದ್ದೀ. ನಿನ್ನ ಫೋನಿನ ಆ ರಾಜ್ಯದ ಆಟದಲ್ಲಿ, ನಿನ್ನ ಗಡಿಯ ಆಚೆ ಕೋಟೆ ಕಟ್ಟಿಕೊಂಡಿರುವ ಮೂಕಬಸವ ಎಂಬ ದೊರೆಗೆ, "ನೀವು ಯಾರ್ರಿ?" ಎಂದು ಬರೆದಿದ್ದೀ. ಅವನು ಎರಡು ದಿನದಿಂದ ಬಾಯಿ ಬಿಟ್ಟಿಲ್ಲ. ಅವನ ಉತ್ತರ ಈ ಕಾಗದ. ಮೂಕಬಸವ ನಾನೇ, ಮಗಳೇ.

ನಗಬೇಡ. ಇಲ್ಲ, ನಗು. ಸಿಟ್ಟಾಗುವುದಕ್ಕಿಂತ ಅದೇ ಮೇಲು.

ಆದದ್ದು ಹೀಗೆ. ಆಗಸ್ಟ್ ತಿಂಗಳಲ್ಲಿ ಒಂದು ಮಧ್ಯಾಹ್ನ ವಿವೇಕ ಊಟ ಮಾಡುತ್ತ ಫೋನು ನೋಡಿ ನಗುತ್ತಿದ್ದ. ಏನೋ ಅದು ಎಂದೆ. "ಅಕ್ಕ ಬೀದರದವರ ಮೂರು ಕೋಟಿ ತಗೊಂಡಾಳ್ರಿ" ಎಂದ. ಮೂರು ಕೋಟಿ ರೂಪಾಯಿ ಎಂದುಕೊಂಡು ಗಾಬರಿಯಾದೆ, ಅವನು ಹೇಳಿದ್ದು ಆಟದ ಕೋಟೆ. ಆಮೇಲೆ ಎಲ್ಲ ತೋರಿಸಿದ. ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳು ತುಂಬಿದ ನಕಾಶೆ, ಅದರಲ್ಲಿ ಒಬ್ಬೊಬ್ಬರದೂ ಒಂದೊಂದು ಬಣ್ಣದ ಸೀಮೆ. ಮೂಲೆಯಲ್ಲಿ ಕೆಂಪಗೆ ಒಂದು ರಾಜ್ಯ, ದೊರೆಯ ಹೆಸರು ಕೆಂಪುಬಾಳೆ. ಅದು ನೀನು. ಕೋಟೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ನೀನು ಆಟದಲ್ಲಿದ್ದರೆ ಅದು ಉರಿಯುತ್ತದಂತೆ. ಆ ದೀಪವನ್ನು ಎಷ್ಟು ಹೊತ್ತು ನೋಡಿದೆನೋ, ಅನ್ನ ತಣ್ಣಗಾಯಿತು.

ನಿನ್ನ ತಮ್ಮ ಚಾಲಾಕಿ. ತಾಟು ತೊಳೆಯುವ ಹೊತ್ತಿಗೆ, "ಅಪ್ಪಾ, ಅಕ್ಕನ ಬಾಜೂಕ ಜಾಗ ಖಾಲಿ ಐತ್ರಿ. ಕೂಡ್ತೀರೇನು?" ಎಂದು ಕೇಳಿದ. ನಾನು ಏನೂ ಹೇಳಲಿಲ್ಲ. "ಮಾತಾಡೂದಿಲ್ಲಲ್ಲ, ನಿಮ್ಮ ಹೆಸರು ಮೂಕಬಸವ" ಎಂದು ಅವನೇ ಬರೆದು ಕೂರಿಸಿದ.

ಮೂವತ್ತೆರಡು ವರ್ಷ ಜನರ ಹೊಲದ ಗಡಿ ಅಳೆದವನು ನಾನು. ಈ ಆಟದ ನಕಾಶೆ ನೋಡಿ ಮೊದಲ ದಿನ ಮೈಯೆಲ್ಲ ಉರಿಯಿತು. ಸರ್ವೇ ನಂಬರಿಲ್ಲ, ಬಾಂದು ಕಲ್ಲಿಲ್ಲ, ಯಾರು ಮೊದಲು ದಂಡು ತಂದು ನಿಲ್ಲಿಸಿದರೆ ಅವರದೇ ನೆಲ! ನಾನು ನನ್ನ ಪದ್ಧತಿ ಬಿಡಲಿಲ್ಲ. ನಿನ್ನ ಸೀಮೆ, ನನ್ನ ಸೀಮೆ, ಬೀದರದ ಸಮೀವುಲ್ಲಾನ ಸೀಮೆ ಮೂರೂ ಕೂಡುವಲ್ಲಿ ಮೊದಲ ಬುರುಜು ಕಟ್ಟಿದೆ. ಅಲ್ಲಿಂದ ಮೂರು ಮನೆಗೊಂದರಂತೆ ನೆಟ್ಟಗೆ ಸಾಲು ಹಿಡಿದೆ. ಸಮೀವುಲ್ಲಾ ನಾನಿದ್ದ ಒಕ್ಕೂಟದ ಮುಖಂಡ, ಗೊತ್ತಲ್ಲ. "ಚಾಚಾ, ಬುರುಜು ಕಟ್ಟೂದು ಬಿಟ್ಟು ದಂಡು ಕಟ್ಟ್ರಿ" ಎಂದು ಬೈದ. ಕಲ್ಲು ಮೊದಲು, ಜಗಳ ಆಮೇಲೆ ಎಂದೆ.

ಆಮೇಲೆ ನಿನ್ನ ಮೊದಲ ಸಂದೇಶ ಬಂತು. ನಮ್ಮಿಬ್ಬರ ನಡುವಿನ ಹೊಳೆ ದಾಟುವ ಜಾಗ, ಮೂರು ಮನೆ, ನನ್ನ ಪಾಲಿಗೆ ಬಂದಿತ್ತು. "ಅಣ್ಣಾರ, ಆ ಮೂರು ಮನಿ ನನಗ ಬಿಟ್ಟುಕೊಡ್ರಿ. ನನ್ನ ಕುದುರಿಗೆ ನೀರಿಲ್ಲ" ಎಂದು ನೀನು ಬರೆದಿದ್ದೆ. ಹೆತ್ತ ಅಪ್ಪನಿಗೆ ಅಣ್ಣಾರ! ಆದರೂ ಮೂರೂವರೆ ವರ್ಷದಲ್ಲಿ ನೀನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಬಿಟ್ಟುಕೊಟ್ಟೆ. ನಿನಗೆ ಅನುಮಾನ ಬಂತು. "ಬದಲಿಗೆ ಏನು ಬೇಕ್ರಿ?" ಎಂದು ನೀನು ಕೇಳಿದೆ. ಅರ್ಧ ತಾಸು ಕುಳಿತು ಏನೇನೋ ಬರೆದೆ, ಅಳಿಸಿದೆ. ಕಡೆಗೆ ಕಳಿಸಿದ್ದು ಎರಡೇ ಪದ. ಏನೂ ಬ್ಯಾಡ.

ಅಂದಿನಿಂದ ದಿನಾ ಬೆಳಿಗ್ಗೆ ನಡೆದು ಬಂದವನೇ ಫೋನು ಹಿಡಿದು ಕೂಡುತ್ತೇನೆ. ನೀನು ಕೂಸನ್ನು ಅಂಗನವಾಡಿಗೆ ಬಿಟ್ಟು ಬಂದ ಮೇಲೆ ದೀಪ ಹತ್ತುತ್ತದೆ. ಹತ್ತಲಿಲ್ಲ ಎಂದರೆ ನಿನಗೆ ಜ್ವರವೇನೋ, ಕೂಸಿಗೆ ನೆಗಡಿಯೇನೋ ಎಂದು ಮತ್ತೆ ಮತ್ತೆ ಫೋನು ತೆರೆದು ನೋಡುತ್ತೇನೆ. ನಿಮ್ಮವ್ವ ನೋಡಿ ನೋಡಿ, "ಈ ವಯಸ್ಸಿನ್ಯಾಗ ಯಾರ ದೀಪ ಕಾಯಾಕತ್ತೀರಿ?" ಎಂದು ಛೇಡಿಸಿದಳು. ಶೀಲಾಂದು ಎಂದೆ. ಅವಳು ಆಮೇಲೆ ಛೇಡಿಸಲಿಲ್ಲ. ಪಕ್ಕದಲ್ಲಿ ಬಂದು ಕುಳಿತಳು.

ಕಳೆದ ತಿಂಗಳು ಸಮೀವುಲ್ಲಾನ ಹುಕುಂ ಬಂತು. ನನ್ನ ನೆಲದ ಮೇಲಿಂದ ಒಕ್ಕೂಟದ ದಂಡು ಹಾಯಿಸಿ ಹಿಂದಿನಿಂದ ನಿನ್ನ ರಾಜಧಾನಿ ಹಿಡಿಯಬೇಕಂತೆ. ನಾನು ದಿಡ್ಡಿ ಬಾಗಿಲು ತೆಗೆದರೆ ಸಾಕಂತೆ. ನಮ್ಮ ನಡುವೆ ಒಪ್ಪಂದ ಐತಿ, ತೆಗೆಯೋದಿಲ್ಲ ಎಂದೆ. "ಚಾಚಾ, ಒಪ್ಪಂದ ಎಲ್ಲಿ ಬರದೀರಿ? ಆಕಿ ನಿಮಗೇನು ಆಗಬೇಕು?" ಎಂದು ಕೇಳಿದ. ಬಾಜೂದಾಕಿ ಎಂದೆ. ಮರುದಿನ ಒಕ್ಕೂಟದಿಂದ ನನ್ನ ಹೆಸರು ಕಿತ್ತರು. ಮೂರು ದಿನದಲ್ಲಿ ನನ್ನ ಒಂಬತ್ತು ಕೋಟೆಗಳಲ್ಲಿ ಎಂಟು ಹೋದವು. ಹುಡುಗ ಕೆಟ್ಟವನಲ್ಲ, ಹೋಗುವಾಗ "ಮಾಫ್ ಕರೋ ಚಾಚಾ" ಎಂದು ಬರೆದು ಹೋದ.

ಆಗ ನೀನು ನೂರು ಬಂಡಿ ಜೋಳ, ನಾನೂರು ಕುದುರೆ ಕಳಿಸಿದೆ. ಜೊತೆಗೆ ಒಂದು ಸಾಲು, "ಮೊದಲ ಜೋಳ ಇಳಿಸ್ಕೋರಿ. ಹಸದವರ ಕೂಡ ನಾ ರಾಜಕಾರಣ ಮಾತಾಡಂಗಿಲ್ಲ." ಆ ಆಟದಲ್ಲಿ ಬಂದ ಉಡುಗೊರೆಯ ಕೆಳಗೆ 'ಸ್ವೀಕರಿಸಿ' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತುವುದಕ್ಕೆ ನನ್ನ ಕೈ ಯಾಕೆ ತಡವರಿಸಿತು ಎಂಬುದು ನಿನಗೆ ಗೊತ್ತು. ಒತ್ತಿದೆ, ಶೀಲಾ. ನೂರೂ ಬಂಡಿ ಇಳಿಸಿಕೊಂಡೆ. ಕಣ್ಣು ಮಂಜಾಗಿ ಲೆಕ್ಕ ಕಾಣಿಸಲಿಲ್ಲ, ವಿವೇಕನೇ ಓದಿ ಹೇಳಿದ.

ಸೋಮವಾರದ ನಿನ್ನ ಮಾತು ಫೋನಿನಲ್ಲಿ ನನ್ನ ಕಣ್ಣ ಮುಂದೆಯೇ ಇದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. "ಮೂರು ಸೀಮಿ ಕೂಡೋ ಕಡೆ ಮೊದಲ ಬುರುಜು ಕಟ್ಟೋರು ಇಡೀ ಆಟದಾಗ ನೀವೊಬ್ಬರೇ. ನಮ್ಮಪ್ಪನೂ ಹಿಂಗೇ ಕಲ್ಲು ಹುಡುಕತಿದ್ರು. ಅವರು ಈಗ ನನ್ನ ಕೂಡ ಮಾತಾಡೂದಿಲ್ಲ. ನೀವು ಯಾರ್ರಿ?"

ಮಾತಾಡದವರು ನಾನೋ ನೀನೋ ಎಂದು ವಾದ ಮಾಡುವುದಿಲ್ಲ. ಆದರೆ ಆ ಹೊಲದ ಮಾತು ಒಂದು ಸಲ ಆಗಿಬಿಡಲಿ. ಮೂರೂವರೆ ವರ್ಷದ ಹಿಂದೆ ನಮ್ಮ ಬೀಗರೂ ಅವರ ಬಾಜೂ ಹೊಲದ ಜುಬೇದಾ ಬೇಗಮ್ಮರೂ ಕೂಡಿಯೇ ನನ್ನನ್ನು ಹದ್ದುಬಸ್ತಿಗೆ, ಗಡಿ ಗುರುತಿಸಿ ಕಲ್ಲು ನೆಡುವುದಕ್ಕೆ, ಕರೆದಿದ್ದರು. ಬೀಗರ ಮೇಲೆ ಚೈನು ಹಿಡಿಯಲಾರೆ ಎಂದೆ. "ಸಾಹೇಬ್ರ, ನೀವು ಅಳದ್ರ ನನಗ ಮಾನ್ಯ. ಬ್ಯಾರೇದವರು ಬ್ಯಾಡ" ಎಂದರು ಆಕೆ. ಅಳೆದೆ. ಮೂರು ಗುಂಟೆ ಆಕೆಯದು ನಿಮ್ಮ ಒಡ್ಡಿನ ಒಳಗೆ ಬಂದಿತ್ತು. ಕಲ್ಲು ನೆಟ್ಟೆ. ನಿನ್ನ ಮಾವನವರು ಅಂದಿನಿಂದ ನನ್ನ ಹೆಸರು ಎತ್ತುವುದಿಲ್ಲ. ಅಳತೆ ಸರಿ ಇತ್ತು. ನೀನು ಮಗಳಾದರೂ ಅದನ್ನು ಇಂದಿಗೂ ಬದಲಿಸಲಾರೆ, ಬೈದುಕೋ. ಆ ಮೂರು ಗುಂಟೆ ನಿನಗೆ ಕೊಡುವುದಕ್ಕೆ ನನ್ನದಾಗಿರಲಿಲ್ಲ. ಹೊಳೆಯ ಮೂರು ಮನೆ ನನ್ನವು. ನನ್ನದನ್ನು ನಿನಗೆ ಕೊಡುವುದಕ್ಕೆ ಯಾವ ಕಲ್ಲೂ ಅಡ್ಡ ಬರಲಿಲ್ಲ, ಕೇಳಿದ ಕೂಡಲೇ ಕೊಟ್ಟೆ. ನನಗೆ ಬೇರೆ ಮಾತು ಗೊತ್ತಿಲ್ಲ.

ಬರುವ ಭಾನುವಾರ ಸಂಜೆ ಆಟದ ಸುತ್ತು ಮುಗಿಯುತ್ತದೆ, ನಿನಗೂ ಗೊತ್ತು. ನಕಾಶೆ ಅಳಿಸಿ ಎಲ್ಲರನ್ನೂ ಹೊಸದಾಗಿ ಎಲ್ಲೆಲ್ಲೋ ಒಗೆಯುತ್ತಾರಂತೆ. ಈ ಸಲ ಜಾಗ ಆರಿಸಿಕೊಳ್ಳಲು ಬರುವುದಿಲ್ಲ ಎಂದ ವಿವೇಕ. ನೀನು ಯಾವ ಮೂಲೆಗೋ, ನಾನು ಯಾವ ಮೂಲೆಗೋ. ಬೆಳಿಗ್ಗೆ ಎದ್ದರೆ ನಿನ್ನ ದೀಪ ನನಗೆ ಕಾಣುವುದಿಲ್ಲ. ಅದಕ್ಕೇ ಅವಸರ ಮಾಡಿ ಬರೆಯುತ್ತಿದ್ದೇನೆ. ಮೂರು ತಿಂಗಳು ಬಾಜೂದಲ್ಲಿ ಇದ್ದ ರುಚಿ ಹತ್ತಿದೆ, ಇನ್ನು ದೂರ ಇರಲಾರೆ.

ಭಾನುವಾರ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಬರುತ್ತೇನೆ. ಮೊದಲು ನಿನ್ನ ಮಾವನವರ ಮುಂದೆ ನಿಂತು ಶರಣು ಎನ್ನುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ನೀನು ಒಳಗೆ ಕರೆದರೆ ಬರುತ್ತೇನೆ. ಕರೆಯದಿದ್ದರೆ ಕೂಸನ್ನು ಅಂಗಳದಲ್ಲಿ ಒಂದು ಸಲ ನೋಡಿ ಮುಂದಿನ ಬಸ್ಸಿಗೆ ತಿರುಗುತ್ತೇನೆ, ಅದಕ್ಕೂ ಬೇಸರವಿಲ್ಲ. ನಿಮ್ಮವ್ವ ನನ್ನ ಜೊತೆ ಬರುವುದಿಲ್ಲವಂತೆ. "ನಿಮ್ಮ ಒಪ್ಪಂದ ನೀವೇ ಮಾಡ್ಕೋರಿ" ಎಂದಳು.

ಶರಣಬಸಪ್ಪ ನಿನ್ನನ್ನು, ನಿನ್ನ ಕೂಸನ್ನು, ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಕೆನ್ನೆಗೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು, ಯಾರು ಕೊಟ್ಟಿದ್ದು ಎಂದು ಕೇಳಿದರೆ ಮೂಕಬಸವ ಎನ್ನು.

ನಿನ್ನ ಅಪ್ಪ,
ಜಗದೇವಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಎರಡು ಹಾಳೆ ತುಂಬ ಸುತ್ತುಬಳಸಿ ಬಂದೆ. ನೀನು ನನ್ನನ್ನು ಬಿಟ್ಟದ್ದು ಮೂರು ಗುಂಟೆಗಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಮೇ ತಿಂಗಳ ಬಿಸಿಲು, ನಿನಗೆ ಏಳು ತಿಂಗಳು. ಕಲ್ಲು ನೆಟ್ಟು ಮುಗಿದಾಗ ನೀನು ಸೆರಗು ತಲೆಯ ಮೇಲೆ ಹೊದ್ದುಕೊಂಡು, ಮನೆಯಿಂದ ಹೊಲದ ತನಕ ನಡೆದು ಬಂದು, ಮಜ್ಜಿಗೆಯ ತಂಬಿಗೆ ಹಿಡಿದು ನನ್ನ ಮುಂದೆ ನಿಂತೆ. "ಅಪ್ಪಾ, ಕುಡೀರಿ" ಎಂದೆ. ಅಳತೆಗೆ ಹೋದವನು ಎರಡೂ ಕಡೆಯವರ ಮನೆಯ ನೀರು ಸಹ ಮುಟ್ಟಬಾರದು ಎಂಬುದು ನಾನು ಮೂವತ್ತೆರಡು ವರ್ಷ ನಡೆಸಿದ ನೇಮ. ಊರ ಜನ ನೋಡುತ್ತಿದ್ದರು. ನಾನು ತಂಬಿಗೆಯ ಕಡೆ ನೋಡದೆ, ಚೀಲದಿಂದ ನನ್ನ ಬಾಟಲಿ ತೆಗೆದು, ನಿನ್ನೆದುರಿಗೇ ನೀರು ಕುಡಿದೆ. ನೀನು ಆ ತಂಬಿಗೆ ಹೊತ್ತು ಹಾಗೆಯೇ ತಿರುಗಿ ನಡೆದೆ. "ಸಾಹೇಬ್ರ, ಕಲ್ಲು ನೆಟ್ಟಾಗಿತ್ತಲ್ರೀ, ಇನ್ನ ಎಂಥಾ ನೇಮ? ಅಕ್ಕಾರ ಕೈಯಾಗಿಂದು ಕುಡೀಬೇಕಿತ್ತು" ಎಂದು ನಬಿಸಾಬ್ ದಾರಿಯುದ್ದಕ್ಕೂ ಬೈದ. ಅಂದು ನನಗೆ ಬಹಳ ನೀರಡಿಕೆಯಾಗಿತ್ತು, ಅವ್ವಾ. ಭಾನುವಾರ ಬರುವಾಗ ಬಾಟಲಿ ತರುವುದಿಲ್ಲ.